ಪುಟ್ಟಿಗೆ ದೊಡ್ಡಮ್ಮನ ಉತ್ತರ: ಶಾಲೆಯ ಸುದ್ದಿ ಮಗುವಿನ ಜೇಬಿನಲ್ಲಿ ಬರಬಾರದು

ಪುಟ್ಟಿ, ನಿನ್ನ ಮೆಸೇಜನ್ನು ಬೆಳಗ್ಗೆಯೇ ಓದಿದೆ. ಟೈಪ್ ಮಾಡುತ್ತ ಕೂತರೆ ನನಗೆ ಸಂಜೆಯಾಗುತ್ತದೆ, ಆದ್ದರಿಂದ ಮಾತಿನಲ್ಲೇ ಹೇಳುತ್ತೇನೆ. ಉದ್ದವಾಯಿತೆಂದು ಅರ್ಧಕ್ಕೆ ನಿಲ್ಲಿಸಬೇಡ. ಗುಂಪಿನಲ್ಲಿರುವ ಉಳಿದವರೂ ಕೇಳಿ, ಸಣ್ಣ ಮಕ್ಕಳಿರುವ ಮನೆ ಇವಳದೊಂದೇ ಅಲ್ಲ.

ಬೆಳಗ್ಗೆ ನೋಡದವರಿಗಾಗಿ ಹೇಳುತ್ತೇನೆ. ಸೋಮವಾರ ಮಳೆ ಜೋರಾಯಿತೆಂದು ಇವಳ ಮಗಳು ಚಿನ್ನುವಿನ ಶಾಲೆಯನ್ನು ಬಿಸಿಯೂಟವಾದ ಕೂಡಲೇ ಬಿಟ್ಟಿದ್ದಾರೆ. ವಿಷಯವನ್ನು ಪೋಷಕರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ್ದಾರೆ. ಇವಳು ಸೊಸೈಟಿಯ ಕೌಂಟರಿನಲ್ಲಿ ಕೂತಿದ್ದಳು, ಮೊಬೈಲ್ ಚೀಲದಲ್ಲಿತ್ತು. ಮೂರು ಗಂಟೆಗೆ ತೆಗೆದು ನೋಡಿದರೆ ಶುಭೋದಯದ ಹೂವಿನ ಚಿತ್ರಗಳು, ಯಾರದೋ ಮಗುವಿನ ಹುಟ್ಟುಹಬ್ಬದ ಶುಭಾಶಯಗಳು, ಅವುಗಳ ನಡುವೆ ಒಂದು ಸಾಲಿನ ಸೂಚನೆ. ಅಷ್ಟು ಹೊತ್ತಿಗೆ ಎರಡನೇ ತರಗತಿಯ ಮಗು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ಪಕ್ಕದ ಮನೆಯ ಹುಡುಗಿ ಗುರುತು ಹಿಡಿದು ಕರೆದುಕೊಂಡು ಬಂದಳು. ಮಾರನೆಯ ದಿನ ಶಾಲೆಯಲ್ಲಿ ಕೇಳಿದರೆ, ‘ನಾವು ಗುಂಪಿನಲ್ಲಿ ಹಾಕಿದ್ದೆವಲ್ಲ, ಚಿನ್ನುವಿಗೂ ಹೇಳಿ ಕಳುಹಿಸಿದ್ದೆವಲ್ಲ’ ಎಂದಿದ್ದಾರೆ. ‘ದೊಡ್ಡಮ್ಮ, ನನ್ನದೇ ತಪ್ಪೇ? ಶಾಲೆ ಬದಲಾಯಿಸಲೇ?’ ಎಂದು ಕೇಳಿದ್ದಾಳೆ.

‘ಹಾಕಿದ್ದೆವಲ್ಲ’ ಎಂಬ ಮಾತು ಓದಿದ ಕೂಡಲೇ ನನ್ನ ಹೊಟ್ಟೆಯಲ್ಲಿ ಹಳೆಯ ಬೆಂಕಿ ಎದ್ದಿತು. ಈ ಮಾತನ್ನು ನಾನು ಮೊದಲ ಸಲ ಕೇಳುತ್ತಿಲ್ಲ.

ನಮ್ಮ ಎರಡನೆಯವನ ಕತೆ ನಿಮಗೆ ಅರ್ಧ ಗೊತ್ತು, ಪೂರ್ತಿ ಯಾರಿಗೂ ಗೊತ್ತಿಲ್ಲ. ಈಗ ಪುಣೆಯಲ್ಲಿರುವವನೇ. 1990ರ ಮಳೆಗಾಲ, ಅವನೂ ಆಗ ಎರಡನೇ ತರಗತಿ. ಹಳೆಯ ಮನೆಯಿಂದ ಶಾಲೆಗೆ ಹೋಗಬೇಕಾದರೆ ತೋಟದ ಕೆಳಗಿನ ಹಳ್ಳ ದಾಟಬೇಕಿತ್ತು, ಅದು ನಿಮಗೆಲ್ಲ ನೆನಪಿದೆ. ಮೂರು ಅಡಿಕೆ ಮರ ಜೋಡಿಸಿ ಕಟ್ಟಿದ ಸಂಕ, ಒಂದು ಬದಿಗೆ ಹಿಡಿದುಕೊಳ್ಳಲು ಬಿದಿರು. ಬೇಸಿಗೆಯಲ್ಲಿ ಮೊಣಕಾಲು ಮುಳುಗದ ಹಳ್ಳ ಅದು. ಪುನರ್ವಸು ಮಳೆ ಹಿಡಿಯಿತೆಂದರೆ ಅದರ ಸದ್ದಿಗೆ ಅಂಗಳದಲ್ಲಿ ನಿಂತವರ ಮಾತು ಜಗಲಿಗೆ ಕೇಳುತ್ತಿರಲಿಲ್ಲ. ಮಳೆಗಾಲವಿಡೀ ಬೆಳಗ್ಗೆ ನಾನೇ ಅವನನ್ನು ಸಂಕ ದಾಟಿಸಿ ಬರುತ್ತಿದ್ದೆ, ಸಂಜೆ ನಾಲ್ಕೂವರೆಗೆ ಕಂಬಳಿಕೊಪ್ಪೆ ಹಾಕಿಕೊಂಡು ಹೋಗಿ ಆಚೆ ದಡದಲ್ಲಿ ನಿಂತಿರುತ್ತಿದ್ದೆ.

ಅದು ಏಕೋಪಾಧ್ಯಾಯ ಶಾಲೆ. ಮೇಷ್ಟ್ರಿಗೆ ಮಾರನೆಯ ದಿನ ತಾಲ್ಲೂಕು ಕೇಂದ್ರದಲ್ಲಿ ಸಭೆ ಇತ್ತು. ಹನ್ನೆರಡೂವರೆಗೆ ಶಾಲೆ ಬಿಡುವುದೆಂದು ತೀರ್ಮಾನಿಸಿ, ಎಲ್ಲ ಮಕ್ಕಳ ಕೈಗೂ ಒಂದೊಂದು ಚೀಟಿ ಬರೆದು ಕೊಟ್ಟರು. ಬರೆದಿದ್ದರು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಇವನು ಚೀಟಿಯನ್ನು ಚಡ್ಡಿಯ ಜೇಬಿಗೆ ತುರುಕಿಕೊಂಡ. ಮನೆಗೆ ಬರುವಷ್ಟರಲ್ಲಿ ತೊಪ್ಪೆಯಾಗಿ ನೆನೆದಿದ್ದ. ಜೇಬಿಗೆ ಕೈ ಹಾಕಿ ನೋಡಿದ್ದಾನೆ, ಅಕ್ಷರವೆಲ್ಲ ಕರಗಿ ನೀಲಿ ನೀರಾಗಿದೆ. ಮೇಷ್ಟ್ರು ಕೊಟ್ಟ ಕಾಗದ ಹಾಳು ಮಾಡಿದೆನೆಂದು ಬೈಗುಳ ಬೀಳುತ್ತದೆ ಎಂಬ ಹೆದರಿಕೆ. ಏಳು ವರ್ಷದ ಮಗುವಿಗೆ ಹಳ್ಳದ ಹೆದರಿಕೆಗಿಂತ ಬೈಗುಳದ ಹೆದರಿಕೆ ದೊಡ್ಡದು. ಬಾಯಿ ಬಿಡಲಿಲ್ಲ.

ಮಾರನೆಯ ದಿನ ಹನ್ನೆರಡೂವರೆಗೆ ಶಾಲೆ ಬಿಟ್ಟಿತು. ಬೇರೆ ಮಕ್ಕಳೆಲ್ಲ ರಸ್ತೆಯ ಆ ಕಡೆಯವರು. ಇವನೊಬ್ಬನೇ ಹಳ್ಳದ ಹತ್ತಿರ ಬಂದ. ಸಂಕದ ಮೂರು ಮರಗಳಲ್ಲಿ ಒಂದು ಕೊಚ್ಚಿಹೋಗಿತ್ತು, ಉಳಿದೆರಡರ ಮೇಲೆ ಕೆಂಪು ನೀರು ಹಾಯುತ್ತಿತ್ತು. ಅಲ್ಲಿ ನಾನಿಲ್ಲ. ಇರುವುದಾದರೂ ಹೇಗೆ, ನನ್ನ ಮಟ್ಟಿಗೆ ಶಾಲೆ ಬಿಡಲು ಇನ್ನೂ ನಾಲ್ಕು ಗಂಟೆ ಹೊತ್ತಿತ್ತು. ಸ್ವಲ್ಪ ಹೊತ್ತು ಹೊನ್ನೆ ಮರದ ಬುಡದಲ್ಲಿ ನಿಂತಿದ್ದಾನೆ. ಹಸಿವಾಗಿದೆ. ಕೊನೆಗೆ ಚೀಲವನ್ನು ತಲೆಯ ಮೇಲಿಟ್ಟುಕೊಂಡು, ಬಿದಿರು ಹಿಡಿದು ಒಂದು ಕಾಲನ್ನು ಮರದ ಮೇಲೆ ಇಟ್ಟೂ ಇಟ್ಟಿದ್ದಾನೆ. ಆ ಹೊತ್ತಿಗೆ ತೋಟದ ಬೇಲಿ ನೋಡಲು ಹೋಗಿದ್ದ ನಮ್ಮ ಕೆಲಸದವನ ಕಣ್ಣಿಗೆ ಬಿದ್ದ. ಅವನು ಈಚೆ ದಡದಿಂದ ಕೂಗಿದ ಕೂಗು ಕೊಟ್ಟಿಗೆಯಲ್ಲಿದ್ದ ನನಗೆ ಕೇಳಿಸಿತು. ಮಗು ಕಾಲು ಹಿಂದಕ್ಕೆ ತೆಗೆದ. ಮೇಲಿನ ಸೇತುವೆಯಿಂದ ಸುತ್ತು ಹಾಕಿ ಹೋಗಿ, ಹೆಗಲ ಮೇಲೆ ಹೊತ್ತುಕೊಂಡು ಬಂದ ಆ ಪುಣ್ಯಾತ್ಮ.

ರಾತ್ರಿ ಬಚ್ಚಲ ಒಲೆಯ ಮೇಲೆ ಒಣಗಲು ಹಾಕಿದ ಚಡ್ಡಿಯ ಜೇಬಿನಲ್ಲಿ ಆ ಚೀಟಿ ಸಿಕ್ಕಿತು. ಗೋಲಿಯಂತೆ ಉಂಡೆಕಟ್ಟಿತ್ತು. ಪದರ ಪದರವಾಗಿ ಬಿಡಿಸಿದೆ. ‘ಪೋಷಕರಿಗೆ’ ಎಂದಿದ್ದದ್ದರಲ್ಲಿ ‘ಪೋ’ ಉಳಿದಿತ್ತು, ಕೆಳಗೆ ಮೇಷ್ಟ್ರ ಸಹಿಯ ಬಾಲ ಉಳಿದಿತ್ತು. ನಡುವೆ ಏನೂ ಇಲ್ಲ.

ಅದಕ್ಕೇ ಹೇಳುತ್ತೇನೆ, ಎಲ್ಲರೂ ಕಿವಿಗೊಟ್ಟು ಕೇಳಿ. ದೊಡ್ಡವರು ದೊಡ್ಡವರಿಗೆ ಹೇಳಬೇಕಾದ ಸುದ್ದಿಯನ್ನು ಮಗುವಿನ ಕೈಯಲ್ಲಿ ಕಳುಹಿಸಬೇಡಿ, ಮಗುವಿನ ಕೈಯಲ್ಲಿ ಬರುತ್ತದೆಂದು ಕಾಯಲೂ ಬೇಡಿ. ಮಗು ಮರೆಯುತ್ತದೆ, ಹೆದರುತ್ತದೆ, ಅರ್ಧ ಹೇಳುತ್ತದೆ. ಅದು ಮಗುವಿನ ತಪ್ಪಲ್ಲ, ಮಗು ಅಂಚೆಯವನಲ್ಲ.

ಚೀಟಿ ಹೋಗಿ ಮೊಬೈಲ್ ಬಂದಿರಬಹುದು. ಆದರೆ ಗುಂಪಿನಲ್ಲಿ ಮುಳುಗಿಹೋದ ಸೂಚನೆಗೂ ಜೇಬಿನಲ್ಲಿ ಕರಗಿದ ಚೀಟಿಗೂ ನನಗೇನೂ ವ್ಯತ್ಯಾಸ ಕಾಣುವುದಿಲ್ಲ. ಕಳುಹಿಸಿದ್ದೇವೆ ಎನ್ನುವವರು, ತಲುಪಿತೇ ಎಂದು ನೋಡುವುದಿಲ್ಲ.

ಇದು ಬರೀ ರಜೆಯ ಮಾತೂ ಅಲ್ಲ. ಶಾಲೆಯಲ್ಲಿ ಜಂತುಹುಳದ ಮಾತ್ರೆ ಕೊಡುವ ದಿನವಿರುತ್ತದೆ, ವರ್ಷಕ್ಕೆ ಎರಡು ಸಲ, ಫೆಬ್ರವರಿಯಲ್ಲಿ ಮತ್ತು ಆಗಸ್ಟ್‌ನಲ್ಲಿ. ಜ್ವರವಿರುವ ಮಗುವಿಗೆ ಆ ದಿನ ಕೊಡಬಾರದು. ರಾತ್ರಿ ಜ್ವರ ಬಂದದ್ದು ತಾಯಿಗೆ ಗೊತ್ತು, ಮಾತ್ರೆ ಕೊಡುವುದು ಮೇಷ್ಟ್ರಿಗೆ ಗೊತ್ತು. ಇಬ್ಬರೂ ಮಾತಾಡದಿದ್ದರೆ ಹೇಗೆ? ಕಬ್ಬಿಣಾಂಶದ ಮಾತ್ರೆ ನುಂಗಿದ ಮಗುವಿನ ಮಲ ಕಪ್ಪಾಗುತ್ತದೆ, ಅದು ಸಹಜ, ಮೊದಲೇ ಹೇಳಿದ್ದರೆ ಯಾವ ತಾಯಿಯೂ ಗಾಬರಿಯಾಗಿ ಡಾಕ್ಟರ ಹತ್ತಿರ ಓಡುವುದಿಲ್ಲ. ಚಿನ್ನು ಕೂರುವುದು ನಲಿ ಕಲಿ ತರಗತಿಯಲ್ಲಿ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾಗಿ ಆಮೇಲೆ ರಾಜ್ಯದ ತುಂಬ ಹರಡಿದ ಪದ್ಧತಿ ಅದು. ಗೋಡೆಯ ಮೇಲೆ ಕಲಿಕೆಯ ಏಣಿಯ ಚಿತ್ರವಿರುತ್ತದೆ, ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ಅದನ್ನು ಪೋಷಕರಿಗೆ ಕೂರಿಸಿ ತೋರಿಸದೇ ಹೋದರೆ, ‘ಇವರು ಪಾಠವನ್ನೇ ಮಾಡುವುದಿಲ್ಲ, ಬರೀ ಹಾಡು ಹೇಳಿಸುತ್ತಾರೆ’ ಎಂದು ಊರೆಲ್ಲ ಸುದ್ದಿಯಾಗುತ್ತದೆ. ಮಗುವನ್ನು ಬಿಡಿಸಿ ಬೇರೆ ಕಡೆ ಹಾಕುತ್ತಾರೆ. ಶಾಲೆ ತನ್ನ ಒಳ್ಳೆಯ ಕೆಲಸವನ್ನೂ ಹೇಳಿಕೊಳ್ಳದೆ ಕೆಡುತ್ತದೆ.

ಇರಿ, ಹಾಲು ಉಕ್ಕುತ್ತಿದೆ, ಒಲೆ ಆರಿಸಿ ಬಂದೆ.

ಆ ಘಟನೆಯ ಮಾರನೆಯ ದಿನ ನಾನು ಶಾಲೆಗೆ ಹೋದೆ. ಮೇಷ್ಟ್ರ ಮುಂದೆ ಆ ಚೀಟಿಯನ್ನಿಟ್ಟು, ‘ನೀವು ಬರೆದದ್ದು ನಮಗೆ ಮುಟ್ಟಲಿಲ್ಲ, ಇನ್ನು ಮುಂದೆ ಹೊತ್ತಿಗೆ ಮುಂಚೆ ಶಾಲೆ ಬಿಟ್ಟರೆ ಹಳ್ಳದಾಚೆಯ ಮಗುವನ್ನು ಯಾರಾದರೂ ಬರುವವರೆಗೆ ಬಿಡಬೇಡಿ’ ಎಂದೆ. ಇಷ್ಟೇ. ಏರು ದನಿಯಲ್ಲೂ ಹೇಳಲಿಲ್ಲ. ಮೇಷ್ಟ್ರು ‘ಕೊಟ್ಟಿದ್ದೆನಲ್ಲ’ ಎಂದು ಮೊದಲು ಮುಖ ಗಂಟಿಕ್ಕಿದರೂ ಆಮೇಲೆ ಒಪ್ಪಿದರು, ನಡೆಸಿಕೊಂಡೂ ಬಂದರು. ಒಪ್ಪದವರು ನಮ್ಮ ಮನೆಯವರು! ‘ಹೆಂಗಸು ಹೋಗಿ ಮೇಷ್ಟ್ರನ್ನು ಪ್ರಶ್ನೆ ಮಾಡುವುದೇ’ ಎಂದು ದೊಡ್ಡ ಭಾವನವರು ಒಂದು ತಿಂಗಳು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಮದುವೆ ಮುಂಜಿಯಲ್ಲಿ ಕೂತಲ್ಲಿ ‘ಮೇಷ್ಟ್ರ ಹತ್ತಿರ ಜಗಳಕ್ಕೆ ಹೋದವಳು’ ಎಂದೇ ನನ್ನ ಗುರುತು ಹೇಳುತ್ತಿದ್ದರು. ಕೂಗಿ ಮಗುವನ್ನು ಉಳಿಸಿದ ಆ ಕೆಲಸದವನ ಹೆಸರನ್ನಾದರೂ ಆ ಮಾತಿನಲ್ಲಿ ಒಮ್ಮೆ ಹೇಳಿದ್ದಾರೆಯೇ? ಇಲ್ಲ. ಮಗು ಹಳ್ಳದ ಪಾಲಾಗಿದ್ದರೆ ಮರ್ಯಾದೆಯನ್ನು ಏನು ಮಾಡುತ್ತಿದ್ದರು? ಇಷ್ಟು ವರ್ಷವಾದರೂ ನನಗೆ ಆ ಮಾತು ಮುಳ್ಳಿನಂತೆ ಚುಚ್ಚುತ್ತದೆ. ಗುಂಪಿನಲ್ಲಿ ಇದ್ದವರು ಕೇಳಿಸಿಕೊಳ್ಳಲಿ, ನನಗೇನೂ ಸಂಕೋಚವಿಲ್ಲ.

2001ರಲ್ಲಿ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಬಂದಾಗ ನನಗೆ ಎಷ್ಟು ಸಂತೋಷವಾಗಿತ್ತು! ಪೋಷಕರೇ ಶಾಲೆಯ ಸಮಿತಿಯಲ್ಲಿ ಕೂತು ಕೇಳಬಹುದು, ಹೇಳಬಹುದು ಎಂದು. ಕೊನೆಯವಳು ಆಗ ಇನ್ನೂ ಶಾಲೆಯಲ್ಲಿದ್ದಳು, ನನ್ನ ಹೆಸರನ್ನೂ ಸೇರಿಸಿದರು. ಆಮೇಲೆ ಆದದ್ದೇನು? ಸಭೆಯ ದಿನ ಹೇಳಿ ಕಳುಹಿಸುತ್ತಿರಲಿಲ್ಲ. ನಡಾವಳಿ ಪುಸ್ತಕವನ್ನು ಸಂಜೆ ಮಕ್ಕಳ ಕೈಯಲ್ಲಿ ಮನೆಗೆ ಕಳುಹಿಸಿ, ‘ಇಲ್ಲೊಂದು ಸಹಿ ಹಾಕಬೇಕಂತೆ’ ಎನ್ನಿಸುತ್ತಿದ್ದರು. ನೋಡಿ, ಅಲ್ಲೂ ಮಕ್ಕಳ ಕೈಯಲ್ಲೇ! ಬೇರೆ ಸದಸ್ಯೆಯರ ಗಂಡಂದಿರು ಹೋಗಿ ಕುರ್ಚಿಯಲ್ಲಿ ಕೂತು ಚಹಾ ಕುಡಿದು ಬರುತ್ತಿದ್ದರು. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ, ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರಿರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದು ಕಾನೂನೇ ಆಯಿತು. ಕಾನೂನು ಪುಸ್ತಕದಲ್ಲಿದೆ, ಕುರ್ಚಿಯಲ್ಲಿ ಯಾರಿದ್ದಾರೆ ಎಂದು ಹೋಗಿ ನೋಡಿ. ‘ಸಮುದಾಯದತ್ತ ಶಾಲೆ’ ಎಂದು ಪೋಷಕರನ್ನು ಕರೆದು ಮಕ್ಕಳ ಕಲಿಕೆ ತೋರಿಸುವ ದಿನವೂ ಹಾಗೆಯೇ, ಬರುವವರು ಅಜ್ಜಿಯರು ಮತ್ತು ತಾಯಂದಿರು. ಅಪ್ಪಂದಿರಿಗೆ ಅಡಿಕೆಯ ಧಾರಣೆ ದಿನಕ್ಕೆ ಎರಡು ಸಲ ಗೊತ್ತಾಗಬೇಕು, ಮಗು ಯಾವ ಮೆಟ್ಟಿಲಲ್ಲಿದೆ ಎಂದು ವರ್ಷಕ್ಕೊಮ್ಮೆಯೂ ಗೊತ್ತಾಗುವುದು ಬೇಡ. ನಮ್ಮ ಮನೆಯ ಗಂಡಸರಿಗೂ ಸೇರಿಸಿಯೇ ಹೇಳುತ್ತಿದ್ದೇನೆ.

ಮೇಷ್ಟ್ರುಗಳನ್ನೂ ನಾನು ಬರೀ ಬೈಯುವುದಿಲ್ಲ. ಅವರಿಗೆ ಪಾಠದ ಜೊತೆಗೆ ಗಣತಿ, ಚುನಾವಣೆ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ಆನ್‌ಲೈನ್‌ನಲ್ಲಿ ತುಂಬುವ ಅಂಕಿ ಅಂಶ ಎಲ್ಲ ಇದೆ. ಮೊಬೈಲ್ ಹಿಡಿದು ಒಬ್ಬೊಬ್ಬರಿಗೇ ಫೋನು ಮಾಡುತ್ತ ಕೂತರೆ ಮಕ್ಕಳನ್ನು ನೋಡುವವರು ಯಾರು? ಅದು ನಿಜ. ಆದರೂ ಹೊತ್ತಿಗೆ ಮುಂಚೆ ಗೇಟು ತೆರೆಯುವ ದಿನ ಆ ಕೆಲಸವೇ ಎಲ್ಲಕ್ಕಿಂತ ಮೊದಲಿನ ಕೆಲಸ. ಇನ್ನೊಮ್ಮೆ ಹೇಳುತ್ತೇನೆ, ನನ್ನನ್ನು ಜಗಳಗಂಟಿ ಎಂದರೂ ಸರಿಯೇ: ಮಗುವಿನ ಕೈಯಲ್ಲಿ ಸುದ್ದಿ ಕಳುಹಿಸಬೇಡಿ, ಮಗು ಹೇಳುತ್ತದೆಂದು ನಂಬಿ ಕೂರಬೇಡಿ.

ಅಯ್ಯೋ, ಪುಟ್ಟಿ, ನೀನು ಕೇಳಿದ್ದಕ್ಕೆ ಉತ್ತರವನ್ನೇ ಹೇಳಲಿಲ್ಲ. ನಿನ್ನ ತಪ್ಪಿಲ್ಲ, ಶಾಲೆ ಬದಲಾಯಿಸಬೇಡ. ಮಗು ಅಲ್ಲಿ ಸಂತೋಷವಾಗಿ ಓದುತ್ತಿದೆ. ಹೊಸ ಶಾಲೆಯಲ್ಲೂ ಇಂಥದೇ ಒಂದು ಗುಂಪು, ಅಂಥದೇ ಹೂವಿನ ಚಿತ್ರ ಇರುತ್ತದೆ.

ಶನಿವಾರ ಬೆಳಗಿನ ಶಾಲೆಯಲ್ಲವೇ, ಬಿಡುವ ಹೊತ್ತಿಗೆ ನೀನೇ ಹೋಗು, ಗಂಡನನ್ನೂ ಕರೆದುಕೊಂಡು ಹೋಗು. ಮುಖ್ಯ ಶಿಕ್ಷಕಿಯ ಹತ್ತಿರ ಕೂತು ಸಮಾಧಾನವಾಗಿ ಮಾತಾಡು. ಸೂಚನೆಗೆಂದೇ ಬೇರೆ ಗುಂಪು ಮಾಡಲಿ, ಅದರಲ್ಲಿ ಅಡ್ಮಿನ್ ಮಾತ್ರ ಬರೆಯುವಂತೆ ಸೆಟ್ಟಿಂಗ್ ಇಡಲಿ. ಶುಭೋದಯ ಹೇಳುವವರು ಹಳೆಯ ಗುಂಪಿನಲ್ಲಿ ಹೇಳಿಕೊಳ್ಳಲಿ. ಕಳುಹಿಸಿದವರು ಆ ಮೆಸೇಜನ್ನು ಒತ್ತಿ ಹಿಡಿದು ಮಾಹಿತಿ ನೋಡಿದರೆ ಯಾರು ಓದಿದ್ದಾರೆ ಎಂದು ಕಾಣುತ್ತದೆ, ಅದನ್ನು ಮೊಮ್ಮಗ ನನಗೆ ತೋರಿಸಿಕೊಟ್ಟಿದ್ದಾನೆ. ಓದದೇ ಉಳಿದ ನಾಲ್ಕೈದು ಮನೆಗೆ ಮಾತ್ರ ಫೋನು ಮಾಡಿದರೆ ಸಾಕು, ಎಲ್ಲರಿಗೂ ಬೇಡ. ಓದಿದವರ ಗುರುತು ಕಾಣದಂತೆ ಮೊಬೈಲಿನಲ್ಲಿ ಬಂದ್ ಮಾಡಿಕೊಂಡವರಿದ್ದರೂ ಗುಂಪಿನಲ್ಲಿ ಅದು ಕಾಣುತ್ತದಂತೆ. ಮನೆಯಲ್ಲಿ ಸ್ಮಾರ್ಟ್‌ಫೋನೇ ಇಲ್ಲದ ಮಕ್ಕಳಿದ್ದಾರೆ, ಕೂಲಿಗೆ ಹೋಗುವವರ ಮಕ್ಕಳು. ಅವರ ಪಟ್ಟಿ ಬೇರೆಯಾಗಿ ಮೇಜಿನ ಗಾಜಿನ ಕೆಳಗೆ ಇರಲಿ ಎನ್ನು. ನಿನ್ನ ಮಗುವಿನ ಮಾತು ಮಾತ್ರ ಆಡಿ ಬರಬೇಡ.

ಆಮೇಲೆ ಮೂರನೇ ತರಗತಿಯವರೆಗಿನ ಮಕ್ಕಳನ್ನು ಹೊತ್ತಿಗೆ ಮುಂಚೆ ಬಿಡುವ ದಿನ ಮನೆಯವರು ಬರುವ ತನಕ ಶಾಲೆಯಲ್ಲೇ ಕೂರಿಸಿಕೊಳ್ಳುವುದೆಂದು ಎಸ್‌ಡಿಎಂಸಿಯ ಸಭೆಯಲ್ಲಿ ತೀರ್ಮಾನವಾಗಿ ನಡಾವಳಿಯಲ್ಲಿ ಬರೆಯಲಿ. ಬಾಯಿಮಾತಿನಲ್ಲಿ ಬಿಟ್ಟರೆ ಮುಖ್ಯ ಶಿಕ್ಷಕಿಗೆ ವರ್ಗವಾದ ದಿನ ಅದೂ ವರ್ಗವಾಗುತ್ತದೆ. ಮಳೆಯ ರಜೆಯ ಸುದ್ದಿ ಬಂದರೆ ಜಿಲ್ಲಾಡಳಿತದ ಆದೇಶವೇ ಎಂದು ಶಾಲೆಗೆ ಒಂದು ಫೋನು ಮಾಡಿ ಖಚಿತ ಮಾಡಿಕೋ, ಕಳೆದ ವರ್ಷದ ಆದೇಶವನ್ನು ಈ ವರ್ಷ ಕಳುಹಿಸುವವರೂ ಇದ್ದಾರೆ. ಚಿನ್ನುವಿಗೆ ಇಷ್ಟು ಹೇಳಿಕೊಡು: ಕರೆಯಲು ಯಾರೂ ಬಂದಿಲ್ಲವೆಂದರೆ ನಿಲ್ದಾಣದ ಕಡೆ ಹೋಗಬಾರದು, ತಿರುಗಿ ಟೀಚರ ಹತ್ತಿರ ಹೋಗಬೇಕು. ಕಾಗದ ಒದ್ದೆಯಾದರೂ ಹರಿದರೂ ಯಾರೂ ಬೈಯುವುದಿಲ್ಲ ಎಂದೂ ಹೇಳು.

ದಾಖಲಾತಿಯಲ್ಲಿ ನಿನ್ನ ನಂಬರ್ ಒಂದೇ ಇರುವುದು ಸಾಲದು. ಗಂಡನದು ಸೇರಿಸು, ನನ್ನದೂ ಸೇರಿಸು. ನನ್ನದು ಕೀಪ್ಯಾಡಿನ ಹಳೆಯ ಫೋನಿನ ನಂಬರ್ ಕೊಡು, ಅದು ಯಾವಾಗಲೂ ಸೊಂಟದಲ್ಲೇ ಇರುತ್ತದೆ, ಈ ದೊಡ್ಡ ಫೋನು ಚಾರ್ಜಿಗೆ ಹಾಕಿ ಮರೆತುಹೋಗುತ್ತದೆ. ಬರೆಸಿದ ಮೇಲೆ ಇಲ್ಲೇ ಗುಂಪಿನಲ್ಲಿ ಹೇಳು. ಎಸ್‌ಡಿಎಂಸಿ ಸಭೆ ಯಾವತ್ತು ಎಂದೂ ಕೇಳಿಕೊಂಡು ಬಾ, ನೀನು ಬರಬೇಕೆಂದರೆ ಆ ದಿನ ನಾನೇ ಬಸ್ಸಿನಲ್ಲಿ ಬರುತ್ತೇನೆ.