ಹಳೇ ಫೋಲ್ಡಿಂಗ್ ಸೈಕಲ್: ಹಿಂಜ್ ಹತ್ತಿರ ಟಕ್ ಟಕ್ ಸದ್ದು, ಕೊಳ್ಳಬಹುದಾ?

ಸಣ್ಣಗಾಲಿ:
ಎಲ್ಲರಿಗೂ ನಮಸ್ಕಾರ. ಒಂದು ಹಳೇ ಫೋಲ್ಡಿಂಗ್ ಸೈಕಲ್ ಸೆಕೆಂಡ್ ಹ್ಯಾಂಡ್ ಸಿಗುವ ಹಾಗಿದೆ. 20 ಇಂಚಿನ ಗಾಲಿ. ಸ್ಟಿಕರ್ ಎಲ್ಲ ಕಿತ್ತುಹೋಗಿವೆ, ಯಾವ ಕಂಪನಿಯದ್ದು ಅಂತ ಮಾರುವವರಿಗೂ ನೆನಪಿಲ್ಲ. ಫ್ರೇಮಿಗೆ ಅಯಸ್ಕಾಂತ ಅಂಟಲಿಲ್ಲ. ಹಿಂದಿನ ಹಬ್ (ಗಾಲಿಯ ನಡುವಿನ ಗುಂಬ, 3 ಗೇರ್ ಇದರೊಳಗೇ ಇವೆ) ಮೇಲೆ ಸ್ಟರ್ಮಿ ಆರ್ಚರ್ ಎಡಬ್ಲ್ಯೂ ಅಂತಲೂ ಪಕ್ಕದಲ್ಲಿ 94 ಅಂತಲೂ ಒತ್ತಿದೆ.

ಓಡಿಸಿ ನೋಡಿದೆ. ಮುಂದಿನ ಬ್ರೇಕ್ ಹಿಡಿದು ಹಿಂದೆ ಮುಂದೆ ತಳ್ಳಿದರೆ ಟಕ್ ಟಕ್ ಅನ್ನುತ್ತದೆ. 2ನೇ ಗೇರಿನಿಂದ 3ಕ್ಕೆ ಹಾಕುವಾಗ ಆಗಾಗ ಪೆಡಲ್ ಸುಮ್ನೆ ಖಾಲಿ ತಿರುಗುತ್ತದೆ. ಟೈರುಗಳು ಪಕ್ಕದಲ್ಲಿ ಬಿರುಕು ಬಿಟ್ಟಿವೆ. ಮಡಚುವುದು ಮಾತ್ರ ಸಲೀಸು. ರೈಲಿನಲ್ಲಿ ಜೊತೆಗೆ ಒಯ್ಯಲು ಬೇಕಾಗಿತ್ತು. ಏನು ಮಾಡಲಿ?

ಪೆಡಲಪ್ಪ:
ತಗೊಳ್ಳಿ ಸರ್. ಟೈರ್ ಬದಲಿಸಿ, ನಟ್ ಬಿಗಿ ಮಾಡಿಸಿ, ಮುಗಿಯಿತು. ಹಳೇ ಸೈಕಲ್ ಅಂದ ಮೇಲೆ ಸದ್ದು ಇದ್ದೇ ಇರುತ್ತದೆ.

ಕೀಲೆಣ್ಣೆ:
ಇಷ್ಟು ಬೇಗ ತಗೊಳ್ಳಿ ಅನ್ನಬೇಡಿ. ಬೇರೆ ಸೈಕಲ್ಲಾದರೆ ಸರಿ. ಇದು ಮಡಚುವ ಸೈಕಲ್, ಮೈಭಾರವೆಲ್ಲ ಒಂದು ಹಿಂಜ್, ಅಂದರೆ ಮಡಚುವ ಕೀಲಿನ ಮೇಲೆ ನಿಂತಿರುತ್ತದೆ. ಟೈರು, ಚೈನು, ಬ್ರೇಕ್ ರಬ್ಬರ್ ಯಾವಾಗ ಬೇಕಾದರೂ ಬದಲಿಸಬಹುದು. ಫ್ರೇಮಿನ ಹಿಂಜ್ ಬದಲಿಸಲಾಗದು. ಅದಕ್ಕೇ ಮೊದಲು ಅದನ್ನು ನೋಡಬೇಕು.

ಸದ್ದು ಎಲ್ಲಿಂದ ಅಂತ ಬೆರಳಿಂದಲೇ ಗೊತ್ತಾಗುತ್ತದೆ. ಬ್ರೇಕ್ ಹಿಡಿದು ತಳ್ಳುವಾಗ ಇನ್ನೊಬ್ಬರು ಹಿಂಜ್‌ನ ಎರಡೂ ಭಾಗ ಸೇರುವ ಗೆರೆಯ ಮೇಲೆ ಬೆರಳಿಡಲಿ. ಆಮೇಲೆ ಹ್ಯಾಂಡಲ್ ಕಂಬದ ಬುಡದ ಹಿಂಜ್, ಆಮೇಲೆ ಮುಂದಿನ ಗಾಲಿ ಹಿಡಿದಿರುವ ಫೋರ್ಕ್‌ನ ಮೇಲಿನ ಬೇರಿಂಗ್ ಕಪ್. ಬೇರಿಂಗ್ ಲೂಸಾಗಿದ್ದರೆ ಚಿಂತೆ ಬೇಡ, ಬಿಗಿ ಮಾಡಿದರೆ ಆಯಿತು. ಹಿಂಜ್‌ನಲ್ಲೇ ಅಲುಗಿದರೆ ಲಾಚ್‌ನ (ಹಿಂಜ್ ಬಿಗಿಹಿಡಿಯುವ ಚಿಲಕ) ಅಡ್ಜಸ್ಟ್ ನಟ್ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಅಂಗೈಯಿಂದ ಗಟ್ಟಿಯಾಗಿ ಒತ್ತಿದರೆ ಮಾತ್ರ ಲಾಚ್ ಮುಚ್ಚಬೇಕು. ಅಷ್ಟು ಬಿಗಿ ಮಾಡಿದ ಮೇಲೂ ಅಲುಗಾಟ ಉಳಿದರೆ ಪಿನ್ ಅಥವಾ ಅದರ ತೂತು ಸವೆದಿದೆ.

ಅಯಸ್ಕಾಂತ ಅಂಟಲಿಲ್ಲ ಅಂದಿರಿ, ಹಾಗಾದರೆ ಅದು ಹೆಚ್ಚಾಗಿ ಅಲ್ಯೂಮಿನಿಯಂ. ಉಕ್ಕು ಒಂದು ಮಿತಿಯೊಳಗಿನ ಭಾರವನ್ನು ಎಷ್ಟು ಸಲವಾದರೂ ತಾಳುತ್ತದೆ. ಅಲ್ಯೂಮಿನಿಯಂಗೆ ಆ ಥರದ ಮಿತಿ ಇಲ್ಲ. ಸಣ್ಣ ಸಣ್ಣ ಭಾರವೂ ಲೆಕ್ಕಕ್ಕೆ ಸೇರುತ್ತಾ ಹೋಗಿ ಕೊನೆಗೆ ಬಿರುಕು ಬಿಡಬಹುದು. ಹಬ್ ಮೇಲಿನ 94 ಅದು ತಯಾರಾದ ವರ್ಷ. ಗಾಲಿ ಮೊದಲಿನಿಂದ ಇದ್ದದ್ದೇ ಆದರೆ ಫ್ರೇಮಿಗೂ ಸುಮಾರು ಅಷ್ಟೇ ವಯಸ್ಸು.

ಹಿಂಜ್‌ನ ಕೆಳಭಾಗದ ವೆಲ್ಡಿಂಗ್ ನೋಡಿ. ಕೂತವರ ಭಾರಕ್ಕೆ ಫ್ರೇಮ್ ಕೆಳಮುಖವಾಗಿ ಬಾಗಲು ನೋಡುತ್ತದೆ, ಎಳೆತ ಬೀಳುವುದು ಕೆಳಗೇ. ಜನ ಮೇಲಿಂದ ನೋಡಿ ಚೆನ್ನಾಗಿದೆ ಅಂದುಬಿಡುತ್ತಾರೆ. ಬಣ್ಣದಲ್ಲಿ ಕೂದಲೆಳೆಯಂಥ ಗೆರೆ ಕಂಡರೆ ಅದು ಬಣ್ಣದ್ದೋ ಲೋಹದ್ದೋ ಅಂತ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಜಾಗ ಚೊಕ್ಕ ಮಾಡಿ ತೆಳು ಎಣ್ಣೆ ಹಚ್ಚಿ. ಅರ್ಧ ಗಂಟೆ ಬಿಟ್ಟು ಪೂರ್ತಿ ಒರೆಸಿ. ಸೀಮೆಸುಣ್ಣದ ಪುಡಿ ಉದುರಿಸಿ, ಸೀಟಿನ ಮೇಲೆ ಭಾರ ಹಾಕಿ. ಬಿರುಕಿದ್ದರೆ ಒಳಗೆ ಸೇರಿದ ಎಣ್ಣೆ ಹೊರಬಂದು ಪುಡಿಯಲ್ಲಿ ಗೆರೆ ಮೂಡುತ್ತದೆ. ಗೆರೆ ಮೂಡಲಿಲ್ಲ ಅಂದರೆ ಬಿರುಕೇ ಇಲ್ಲ ಅಂತಲ್ಲ, ತೀರಾ ಸಣ್ಣವು ಇದಕ್ಕೆ ಸಿಗುವುದಿಲ್ಲ. ಎಣ್ಣೆ ರಿಮ್ಮಿಗೆ ತಾಗದಂತೆ ನೋಡಿಕೊಳ್ಳಿ, ಬ್ರೇಕ್ ಹಿಡಿಯುವುದಿಲ್ಲ.

ಗೇರಿನದ್ದು ಸಣ್ಣ ವಿಷಯ ಇರಬಹುದು. ಹಳೇ ಎಡಬ್ಲ್ಯೂ ಹಬ್‌ಗಳಲ್ಲಿ 2ಕ್ಕೂ 3ಕ್ಕೂ ನಡುವೆ ಯಾವ ಗೇರೂ ಹಿಡಿಯದ ಒಂದು ಜಾಗ ಇದೆ. ಕೇಬಲ್ ಸರಿಯಿಲ್ಲದಿದ್ದರೆ ಹಬ್ ಅಲ್ಲೇ ನಿಲ್ಲುತ್ತದೆ. ಕೇಬಲ್ ಬಿಚ್ಚಿಬಿಡಿ. ಆಗ ಹಬ್ ತಾನಾಗಿ 3ಕ್ಕೆ ಹೋಗಬೇಕು. ಆ ಸ್ಥಿತಿಯಲ್ಲಿ ಜೋರಾಗಿ ತುಳಿದರೂ ಜಾರದಿದ್ದರೆ 3ನೇ ಗೇರಿನ ಒಳಗಿನ ಸಾಮಾನು ಚೆನ್ನಾಗಿದೆ ಅಂತ ಅರ್ಥ.

ಸಣ್ಣಗಾಲಿ:
ತುಂಬಾ ಉಪಕಾರವಾಯಿತು ಸರ್. ಟೈರಿನದ್ದೂ ಒಂದು ಮಾತು ಹೇಳಿ. 20 ಇಂಚು ಅಂತ ಕೇಳಿ ತಂದರೆ ಸಾಕಲ್ವಾ?

ಕೀಲೆಣ್ಣೆ:
ಸಾಲದು. 20 ಇಂಚಿನಲ್ಲೇ 406, 451 ಅಂತ ಬೇರೆ ಬೇರೆ ಅಳತೆ ಇವೆ (ಟೈರ್ ಕೂರುವ ಜಾಗದಲ್ಲಿ ರಿಮ್ಮಿನ ವ್ಯಾಸ, ಮಿಲಿಮೀಟರ್‌ನಲ್ಲಿ), ಒಂದಕ್ಕೊಂದು ಕೂರುವುದಿಲ್ಲ. ಟೈರಿನ ಪಕ್ಕದಲ್ಲಿ ಬರೆದಿರುತ್ತದೆ ನೋಡಿ. 406 ಆದರೆ ಸಿಗುವುದು ಸುಲಭ. ಮುಂದಿನ ಫೋರ್ಕ್ ಕಾಲುಗಳ ನಡುವಿನ ಅಂತರವನ್ನೂ ಅಳೆಯಿರಿ. ಸಾಮಾನ್ಯ ಸೈಕಲ್‌ನಲ್ಲಿ 100 ಮಿಲಿಮೀಟರ್. ಮಡಚುವವುಗಳಲ್ಲಿ ಎಷ್ಟೋ ಸಲ 74 ಇರುತ್ತದೆ. ಹಾಗಿದ್ದರೆ ಮುಂದಿನ ಹಬ್ ಹಾಳಾದ ದಿನ ಹುಡುಕಾಟ ಜಾಸ್ತಿ.

ಸಣ್ಣಗಾಲಿ:
ಮತ್ತೆ ಹೋಗಿ ನೋಡಿ ಬಂದೆ. ಟಕ್ ಟಕ್ ಬರುತ್ತಿದ್ದದ್ದು ಫೋರ್ಕ್ ಬೇರಿಂಗ್‌ನಿಂದ, ಬಿಗಿ ಮಾಡಿದ ಮೇಲೆ ನಿಂತಿತು. ಕೇಬಲ್ ಬಿಚ್ಚಿದಾಗ 3ನೇ ಗೇರ್ ಗಟ್ಟಿಯಾಗಿ ಹಿಡಿಯಿತು. ಖುಷಿಯಾಗಿತ್ತು. ಆದರೆ ಹಿಂಜ್ ಕೆಳಗೆ ಸೀಮೆಸುಣ್ಣ ಹಾಕಿದಾಗ ವೆಲ್ಡಿಂಗ್ ಅಂಚಿನುದ್ದಕ್ಕೂ ಗೆರೆ ಮೂಡಿತು. ಒರೆಸಿ ಇನ್ನೊಮ್ಮೆ ಹಾಕಿದರೂ ಅಲ್ಲೇ.

ಪೆಡಲಪ್ಪ:
ವೆಲ್ಡಿಂಗ್ ಮಾಡಿಸಿದರೆ ಆಗಲ್ವಾ?

ಕೀಲೆಣ್ಣೆ:
ಬೇಡ. ಇಂಥ ಫ್ರೇಮುಗಳಿಗೆ ಬಲ ಬರುವುದು ಕಾಯಿಸಿ ಹದ ಮಾಡುವುದರಿಂದ. ಮತ್ತೆ ವೆಲ್ಡ್ ಮಾಡಿದರೆ ಸುತ್ತಲಿನ ಲೋಹ ಆ ಹದ ಕಳೆದುಕೊಂಡು ಮೆತ್ತಗಾಗುತ್ತದೆ. ಶಾಖಕ್ಕೆ ಹಿಂಜ್ ಕೂದಲೆಳೆಯಷ್ಟು ಸೊಟ್ಟಗಾದರೂ ಲಾಚ್ ಸರಿಯಾಗಿ ಕೂರುವುದಿಲ್ಲ. ಓಡುವಾಗ ಅದು ಮುರಿದರೆ ಬೀಳುವುದು ಮುಖದ ಮೇಲೆ. ಇದನ್ನು ಬಿಟ್ಟುಬಿಡಿ. ಮಾರುವವರಿಗೂ ಆ ಗೆರೆ ತೋರಿಸಿ, ದಯವಿಟ್ಟು.

ಸಣ್ಣಗಾಲಿ:
ತೋರಿಸಿದೆ. ಅವರ ಮಗಳು ಇನ್ನೂ ಅದನ್ನೇ ಓಡಿಸುತ್ತಿದ್ದಳಂತೆ. ಇವತ್ತಿನಿಂದಲೇ ನಿಲ್ಲಿಸುತ್ತೇವೆ ಅಂದರು. ಹಿಂದಿನ ಗಾಲಿ ಮಾತ್ರ ಬೇಕಾದರೆ ಕೊಡುತ್ತಾರಂತೆ. ತಗೊಳ್ಳಲಾ?

ಕೀಲೆಣ್ಣೆ:
ಕಡಿಮೆಗೆ ಕೊಟ್ಟರೆ ಖಂಡಿತ ತಗೊಳ್ಳಿ. ಆ ಹಬ್ ಬಿಚ್ಚಿ ಜೋಡಿಸಲು ಬರುವಂಥದ್ದು. ಗೇರ್ ಬದಲಿಸುವ ಪುಟ್ಟ ಚೈನು, ಆಕ್ಸಲ್ ನಟ್‌ಗಳು, ವಾಷರ್‌ಗಳು, ಶಿಫ್ಟರ್ ಎಲ್ಲವನ್ನೂ ಜೊತೆಗೇ ಕೇಳಿ ತನ್ನಿ. ಮುಂದೆ ಉಕ್ಕಿನ ಫ್ರೇಮ್ ಸಿಕ್ಕರೆ ಅದರ ಹಿಂದಿನ ಕಾಲುಗಳ ನಡುವಿನ ಅಂತರ ಈ ಹಬ್‌ಗೆ ಹೊಂದುತ್ತದಾ ಅಂತ ಅಳೆದು ಆಮೇಲೆ ಮಾತಾಡಿ.