ಓನರ್ ಒಪ್ಪಿದ ಸ್ಕ್ರೀನು, ರೈಟರ್ ಮುಟ್ಟುತ್ತಿಲ್ಲ. ಎಲ್ಲಿ ಎಡವಿದೆ?

ಮಲ್ನಾಡ್ ಪಿಕ್ಸೆಲ್, ಚಿಕ್ಕಮಗಳೂರು:

ಊರಿಗೆ ವಾಪಸ್ ಬಂದು ಎರಡು ವರ್ಷ ಆಯ್ತು, ಇಲ್ಲೇ ಸಣ್ಣಪುಟ್ಟ ಸಾಫ್ಟ್‌ವೇರ್ ಡಿಸೈನ್ ಮಾಡಿಕೊಂಡಿದ್ದೇನೆ. ಕಾಫಿ ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಹಸನು ಮಾಡುವ ಕೆಲಸ) ಮಾಡುವ ಒಬ್ಬರಿಗೆ, ಮಾಲು ಒಳಗೆ ಬರುವ ಲೆಕ್ಕದ ಸ್ಕ್ರೀನನ್ನು ಹೊಸದಾಗಿ ಮಾಡಿಕೊಟ್ಟೆ. ಹಳೆಯದರಲ್ಲಿ ಒಂದೇ ಪುಟಕ್ಕೆ 40 ಖಾನೆ, ನೋಡಿದರೆ ತಲೆ ಗಿರ್ ಅನ್ನುತ್ತಿತ್ತು. ಅದನ್ನು ಐದು ಪುಟ ಮಾಡಿದೆ: ಪ್ಲಾಂಟರ್ ಹೆಸರು, ಲಾರಿ, ಮೂಟೆ ಮತ್ತು ತೂಕ, ಮಾಯಿಶ್ಚರ್ (ತೇವಾಂಶ), ಔಟ್‌ಟರ್ನ್ (50 ಕೆಜಿ ಚೆರ್ರಿಗೆ, ಅಂದರೆ ಒಣಗಿದ ಕಾಫಿ ಹಣ್ಣಿಗೆ, ಎಷ್ಟು ಕೆಜಿ ಬೀಜ ಅನ್ನುವ ಲೆಕ್ಕ), ಹೀಗೆ ಒಂದಾದ ಮೇಲೆ ಒಂದು. ಓನರ್ ಜೊತೆ ಮೂರು ಸಲ ಕೂತೆ, ಮ್ಯಾನೇಜರ್ ಜೊತೆ ಎರಡು ಸಲ. ಇಬ್ಬರೂ ಖುಷಿಯಾಗಿಯೇ ಒಪ್ಪಿದರು.

ಈಗ ರೋಬಸ್ಟಾ ಕಾಫಿ ಬರುತ್ತಿದೆ. ಗೇಟಿನ ಹತ್ತಿರ ಕೂತು ಲೆಕ್ಕ ಬರೆಯುವ ರೈಟರು ಹಗಲೆಲ್ಲ ಉದ್ದ ನೋಟ್‌ಬುಕ್ಕಿನಲ್ಲೇ ಬರೆಯುತ್ತಾರೆ, ಸಂಜೆ ಆರಕ್ಕೆ ಲಾರಿಗಳೆಲ್ಲ ಹೋದ ಮೇಲೆ ಟ್ಯಾಬ್ ತೆಗೆದು ಅದನ್ನೇ ನೋಡಿಕೊಂಡು ಒತ್ತುತ್ತಾರೆ. ಇನ್ನೂ ವಿಚಿತ್ರ ಏನಂದ್ರೆ, ಮೊನ್ನೆ ಡೇಟಾ ತೆಗೆದು ನೋಡಿದರೆ ಅರ್ಧಕ್ಕರ್ಧ ಲಾಟ್‌ಗಳ ಔಟ್‌ಟರ್ನ್ ಸರಿಯಾಗಿ 26! ಕೇಳಿದರೆ "ಸಾಫ್ಟ್‌ವೇರ್ ಚೆನ್ನಾಗಿದೆ ಸಾರ್" ಅಂತ ನಗುತ್ತಾರೆ, ಅಷ್ಟೇ.

ಹೊಯ್ಸಳ ಹುಡುಗ:

ನೋಟ್‌ಬುಕ್ ಕಿತ್ತಿಟ್ಟುಬಿಡಿ. ಒಂದು ವಾರ ಒದ್ದಾಡುತ್ತಾರೆ, ಆಮೇಲೆ ದಾರಿಗೆ ಬರುತ್ತಾರೆ.

ಹೇಮಾವತಿ ದಂಡೆ, ಸಕಲೇಶಪುರ:

ಅಲ್ಲ ಮಾರಾಯ್ರೆ, ಕಿತ್ತಿಟ್ಟರೆ ಸಿಗರೇಟ್ ಪ್ಯಾಕಿನ ಮೇಲೆ ಬರೆದುಕೊಳ್ಳುತ್ತಾರೆ. ನಾನು ಏಳು ಸೀಸನ್ ಸ್ಯಾಂಪಲ್ ರೂಮಿನಲ್ಲಿ ಇದ್ದವನು, ಆ 26 ಎಲ್ಲಿಂದ ಬಂತು ಅಂತ ನನಗೆ ಇಲ್ಲಿಂದಲೇ ಕಾಣುತ್ತಿದೆ. ಲಾರಿ ಬಂದ ತಕ್ಷಣ ಔಟ್‌ಟರ್ನ್ ಗೊತ್ತಿರಲ್ಲ. ಮೂಟೆಗಳಿಂದ ಸ್ವಲ್ಪ ಸ್ವಲ್ಪ ಚೆರ್ರಿ ತೆಗೆದು, ಸಣ್ಣ ಹಲ್ಲರ್‌ಗೆ (ಸಿಪ್ಪೆ ತೆಗೆಯುವ ಮಷೀನು) ಹಾಕಿ, ಸಿಪ್ಪೆ ಹೋದ ಮೇಲೆ ಬೀಜ ತೂಗಿ, ಆಮೇಲೆ ಲೆಕ್ಕ. ಸೀಸನ್ ಜೋರಿದ್ದರೆ ನಮ್ಮ ರೂಮಿನ ಚೀಟಿ ಗೇಟಿಗೆ ಹೋಗುವಾಗ ಮಾರನೇ ದಿನ. ನಿಮ್ಮ ಸ್ಕ್ರೀನು ಔಟ್‌ಟರ್ನ್ ಹಾಕದೆ ಸೇವ್ ಆಗಲ್ಲ ಅಲ್ವಾ? ಸಂಜೆ ಆರಾಗಿದೆ, ಚೀಟಿ ಬಂದಿಲ್ಲ, ಕೊನೇ ಬಸ್ಸಿಗೆ ಹೊರಡಬೇಕು. 26 ಒತ್ತಿ ಹೋಗುತ್ತಾರೆ.

ಇದು ಸುಮ್ನೆ ಬಿಡುವ ವಿಷಯ ಅಲ್ಲ. 50 ಕೆಜಿ ಚೆರ್ರಿಗೆ ಎಷ್ಟು ಕೆಜಿ ಬೀಜ ಅನ್ನುವುದೇ ಔಟ್‌ಟರ್ನ್, ರೇಟೂ ಅದರ ಮೇಲೇ ನಿಂತಿರುತ್ತೆ. ನಿಜವಾದದ್ದು 27 ಇದ್ದು 26 ಹಾಗೇ ಉಳಿದರೆ, 100 ಮೂಟೆಗೆ 100 ಕೆಜಿ ಬೀಜ ಪ್ಲಾಂಟರ್ ಲೆಕ್ಕದಿಂದ ಮಾಯ.

ಆ ನೋಟ್‌ಬುಕ್ ಒಮ್ಮೆ ತೆಗೆದು ನೋಡಿ. ನಮ್ಮಲ್ಲಿ ಅಂದಾಜು ಔಟ್‌ಟರ್ನ್ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದರು, ಚೀಟಿ ಬಂದ ಮೇಲೆ ಪೆನ್ನಿನಲ್ಲಿ. ನಿಮ್ಮ ಟ್ಯಾಬಿನಲ್ಲಿ ಪೆನ್ಸಿಲ್ ಎಲ್ಲಿದೆ?

ವೋಚರ್ ರಾಣಿ, ಹಾಸನ:

ಅಕೌಂಟ್ಸ್ ನೋಡುವವಳು ನಾನು. ಆ 40 ಖಾನೆಯ ಸ್ಕ್ರೀನನ್ನು ಬೈಯಬೇಡಿ. ನಿಮಗೆ ತಲೆ ತಿರುಗಿದ್ದು ನೀವು ಅದನ್ನು ಹೊಸದಾಗಿ ನೋಡಿದ್ದಕ್ಕೆ. ದಿನಾ ಅದರಲ್ಲೇ ಬೀಳುವವರಿಗೆ ಎಲ್ಲ ಒಂದೇ ಕಡೆ ಕಾಣುವುದೇ ಸುಖ. ನಮ್ಮ ಅಕೌಂಟ್ಸ್ ಸಾಫ್ಟ್‌ವೇರ್ ಟ್ಯಾಲಿ ನೋಡಿ: ಎಫ್5 ಪೇಮೆಂಟ್, ಎಫ್6 ರಿಸೀಟ್, ಎಫ್8 ಸೇಲ್ಸ್, ಎಫ್9 ಪರ್ಚೇಸ್, ಆಮೇಲೆ ಎಂಟರ್, ಎಂಟರ್, ಎಂಟರ್. ಕಣ್ಣು ಬಿಲ್ ಮೇಲೆ, ಕೈ ಕೀಬೋರ್ಡ್ ಮೇಲೆ, ಮೌಸ್ ಎಲ್ಲಿದೆ ಅಂತಲೇ ಗೊತ್ತಿರಲ್ಲ. ನಿಮ್ಮ ಐದು ಪುಟದಲ್ಲಿ ಒಂದು ಲಾರಿಗೆ ನಾಲ್ಕು ಸಲ "ಮುಂದೆ" ಒತ್ತಬೇಕು, ಎರಡನೇ ಪುಟದಲ್ಲಿ ತಪ್ಪಾಗಿದೆ ಅಂತ ಕೊನೇ ಪುಟದಲ್ಲಿ ನೆನಪಾದರೆ ಮತ್ತೆ ಹಿಂದೆ ಹಿಂದೆ. ವರ್ಷಕ್ಕೊಮ್ಮೆ ತುಂಬುವ ಫಾರಂಗೆ ಸರಿ, ಗೇಟಿಗೆ ಅಲ್ಲ.

ನಮ್ಮೂರ ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಸಾಲು ನಿಂತಿರುತ್ತೆ. ಸದಸ್ಯರ ನಂಬರ್ ಒತ್ತುತ್ತಾರೆ, ತೂಕ, ಫ್ಯಾಟು ಮಷೀನಿಂದ ತಾನೇ ಬರುತ್ತೆ, ಚೀಟಿ ಹೊರಗೆ. ನೀವು ವೇಬ್ರಿಡ್ಜ್ (ಲಾರಿ ತೂಗುವ ಕಾಟಾ) ತೂಕವನ್ನು ಯಾಕೆ ಕೈಯಲ್ಲಿ ಒತ್ತಿಸುತ್ತಿದ್ದೀರಿ?

ಬೇಲೂರು ಟು ಬೆಂಗಳೂರು:

ಮೇಲಿನ ಇಬ್ಬರೂ ಹೇಳಿದ್ದು ಸರಿ, ಮೊದಲನೆಯವರು ಹೇಳಿದ್ದು ಬಿಡಿ. ಸಾಫ್ಟ್‌ವೇರನ್ನು ಜನ ಹೇಗೆ ಬಳಸುತ್ತಾರೆ ಅಂತ ನೋಡುವುದೇ ನನ್ನ ಹೊಟ್ಟೆಪಾಡು, ಹಾಗಾಗಿ ಒಂದೆರಡು ಮಾತು. ಓನರ್ ಕಡೆಯಿಂದ ಬಂದ ಹುಡುಗನಿಗೆ ಯಾವ ರೈಟರು "ಚೆನ್ನಾಗಿಲ್ಲ" ಅನ್ನುತ್ತಾರೆ ಹೇಳಿ? ಅಭಿಪ್ರಾಯ ಕೇಳಲೇಬೇಡಿ. ಬೆಳಿಗ್ಗೆ ಹೋಗಿ ಪಕ್ಕದಲ್ಲಿ ಒಂದು ಸ್ಟೂಲ್ ಹಾಕಿಕೊಂಡು ಕೂತು ನೋಡಿ. ಬಿಡುವಾದಾಗ "ನಿನ್ನೆ ಕೊನೇ ಲಾರಿ ಹೇಗೆ ಬರೆದಿರಿ, ತೋರಿಸಿ" ಅನ್ನಿ. "ಸಾಮಾನ್ಯವಾಗಿ ಹೇಗೆ ಮಾಡುತ್ತೀರಿ" ಅಂತ ಕೇಳಿದರೆ ಮ್ಯಾನೇಜರ್ ಹೇಳಿಕೊಟ್ಟ ರೂಲ್ಸ್ ಒಪ್ಪಿಸುತ್ತಾರೆ.

ಇನ್ನೊಂದು. ಸ್ಕ್ರೀನಿನ ತೊಂದರೆ ಹುಡುಕಲು ಅದನ್ನು ಬಳಸುವ ಐದು ಜನರನ್ನು ನೋಡಿದರೆ ಸಾಕು ಅಂತ ಎಲ್ಲೆಲ್ಲೋ ಓದಿರುತ್ತೀರಿ. ಅದು ನೀಲ್ಸನ್, ಲ್ಯಾಂಡವರ್ ಅನ್ನುವ ಇಬ್ಬರು ಸಂಶೋಧಕರು 1993ರಲ್ಲಿ ಕೊಟ್ಟ ಲೆಕ್ಕದಿಂದ ಬಂದದ್ದು. ಒಬ್ಬರಿಂದ ಶೇ. 31ರಷ್ಟು ತೊಂದರೆ ಕಣ್ಣಿಗೆ ಬೀಳುತ್ತೆ ಅಂತ ಇಟ್ಟುಕೊಂಡರೆ ಐವರಿಂದ ಸುಮಾರು ಶೇ. 85. ಆದರೆ ಐವರೂ ಒಂದೇ ಥರದ ಕೆಲಸ ಮಾಡುವವರಾಗಿರಬೇಕು. ಗೇಟು, ಸ್ಯಾಂಪಲ್ ರೂಮು, ಗೋಡೌನು, ಅಕೌಂಟ್ಸ್ ಇಂದ ಒಬ್ಬೊಬ್ಬರನ್ನು ನೋಡಿ, ಮ್ಯಾನೇಜರನ್ನೂ ಸೇರಿಸಿ "ಐದಾಯ್ತು" ಅಂದರೆ ಆ ಲೆಕ್ಕ ನಡೆಯಲ್ಲ.

ಮಲ್ನಾಡ್ ಪಿಕ್ಸೆಲ್, ಚಿಕ್ಕಮಗಳೂರು:

ಎಲ್ಲರಿಗೂ ಥ್ಯಾಂಕ್ಸ್. ಎರಡು ದಿನ ಸ್ಟೂಲ್ ಹಾಕಿಕೊಂಡು ಕೂತೆ. ಪೆನ್ಸಿಲ್ ಇದೆ, ರೈಟರ ಕಿವಿ ಮೇಲೆ! ಮೊದಲ ಲಾರಿ ಇನ್ನೂ ವೇಬ್ರಿಡ್ಜ್ ಮೇಲೆ ಇರುವಾಗಲೇ ಎರಡನೆಯದರ ಹೆಸರು, ನಂಬರ್ ಬರೆದುಕೊಳ್ಳುತ್ತಾರೆ, ತೂಕದ ಜಾಗ ಖಾಲಿ ಬಿಟ್ಟು. ನನ್ನ ಸ್ಕ್ರೀನಿನಲ್ಲಿ ಒಂದು ಮುಗಿಯದೆ ಇನ್ನೊಂದು ತೆಗೆಯಲು ಆಗಲ್ಲ. ಹತ್ತು ಗಂಟೆ ಬಿಸಿಲು ಟ್ಯಾಬ್ ಮೇಲೆ ಬಿದ್ದರೆ ನಾನು ಆಸೆಪಟ್ಟು ಹಾಕಿದ್ದ ತಿಳಿ ಬೂದು ಅಕ್ಷರ ಒಂದೂ ಕಾಣಲ್ಲ. 26 ಯಾಕೆ ತಿದ್ದಲಿಲ್ಲ ಅನ್ನುವುದಕ್ಕೆ ಉತ್ತರವೂ ನಾನೇ: ಸೇವ್ ಆದ ಮೇಲೆ ತಿದ್ದಲು ಮ್ಯಾನೇಜರ್ ಪಾಸ್‌ವರ್ಡ್ ಬೇಕು ಅಂತ ಓನರ್ ಹೇಳಿದ್ದರು, ಹಾಕಿಬಿಟ್ಟಿದ್ದೆ.

ಈಗ ಎಲ್ಲ ಒಂದೇ ಪುಟಕ್ಕೆ ತಂದಿದ್ದೇನೆ, ಕಪ್ಪು ಅಕ್ಷರ, ಔಟ್‌ಟರ್ನ್ ಖಾಲಿ ಬಿಡಬಹುದು, ಚೀಟಿ ಬರುವವರೆಗೆ ಆ ಸಾಲು ಹಳದಿಯಾಗಿರುತ್ತೆ. ಔಟ್‌ಟರ್ನ್ ತುಂಬುವುದು ಸ್ಯಾಂಪಲ್ ರೂಮಿನವರು. ವೇಬ್ರಿಡ್ಜ್ ಜೋಡಿಸುವುದು ಇನ್ನೂ ಆಗಿಲ್ಲ. ರೈಟರಿಗೆ ತೋರಿಸಿದೆ. "ಹಿಂದಿನ 26 ಎಲ್ಲ ಯಾರು ಸಾರ್ ತಿದ್ದೋದು?" ಅಂದರು. ಪೆನ್ನಿನ ಅಂಕಿ ನೋಟ್‌ಬುಕ್ಕಿನಲ್ಲಿದೆ. ಭಾನುವಾರ ಇಬ್ಬರೂ ಕೂರುತ್ತಿದ್ದೇವೆ.