ಮೂರೂವರೆ ವರ್ಷದ ಮಗನನ್ನು ವಂಡರ್‌ಲಾಗೆ ಕರೆದುಕೊಂಡು ಹೋಗಬಹುದಾ?

ಪುಟ್ಟನ ಅಮ್ಮ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಬೆಂಗಳೂರಿಗೆ ನಾದಿನಿ ಮನೆಗೆ ಹೊರಟಿದ್ದೇವೆ. ಅವರ ಮಕ್ಕಳಿಬ್ಬರೂ ಹೈಸ್ಕೂಲು, ಬಿಡದಿ ಹತ್ತಿರದ ಅಮ್ಯೂಸ್‌ಮೆಂಟ್ ಪಾರ್ಕ್ ವಂಡರ್‌ಲಾ ಆಗಲೇಬೇಕಂತೆ. ನನ್ನ ಮಗನಿಗೆ ಮೂರೂವರೆ. ನಿನ್ನೆ ಬಾಗಿಲಿಗೆ ಒರಗಿಸಿ ಟೇಪ್ ಹಿಡಿದೆ, 94 ಸೆಂ.ಮೀ. ಇದ್ದಾನೆ. ಮಧ್ಯಾಹ್ನ ಒಂದು ನಿದ್ದೆ ಆಗದಿದ್ದರೆ ಸಂಜೆಯೆಲ್ಲಾ ರಂಪ. ಜೊತೆಗೆ ಅತ್ತೆಗೆ ಮಂಡಿ ನೋವು. "ಟಿಕೆಟ್ ದುಡ್ಡು ದಂಡ, ನೀನೂ ಅವನೂ ಮನೆಯಲ್ಲೇ ಇರಿ" ಅನ್ನುತ್ತಾರೆ ನಮ್ಮವರು. ನನಗೆ ಯಾಕೋ ಮನಸ್ಸಿಲ್ಲ. ಇಷ್ಟು ಚಿಕ್ಕವನಿಗೆ ಅಲ್ಲಿ ಏನಾದರೂ ಇದೆಯಾ? ಅವನ ಊಟ ಒಳಗೆ ಬಿಡುತ್ತಾರಾ?

ಆರ್‌ಆರ್ ನಗರದವಳು

ಮನೆಯಲ್ಲಿ ಕೂರಬೇಡಿ ಅಕ್ಕ, ಹೋಗಿ. ಮಗಳಿಗೆ ಮೂರು ತುಂಬಿದಾಗ ನಾವೂ ಹೋಗಿದ್ದೆವು.

ಅಲ್ಲಿ ವಯಸ್ಸು ಲೆಕ್ಕಕ್ಕಿಲ್ಲ, ಎತ್ತರವೇ ಎಲ್ಲ. 85 ಸೆಂ.ಮೀ.ಗಿಂತ ಗಿಡ್ಡ ಇದ್ದರೆ ಟಿಕೆಟ್ ಬೇಡ. ನಿಮ್ಮವನು 94, ಹಾಗಾಗಿ ಮಕ್ಕಳ ಟಿಕೆಟ್. ದೊಡ್ಡ ರೋಲರ್ ಕೋಸ್ಟರ್ ಹತ್ತಿರ ಅವನನ್ನು ಬಿಡೋದಿಲ್ಲ. ಆದರೆ ಪುಟಾಣಿಗಳಿಗೆ ಅಂತಲೇ ಬೇರೆ ರೈಡ್‌ಗಳಿವೆ, ಕಡಿಮೆ ಆಳದ ಕೊಳವೂ ಇದೆ. ಹೊರಗಿನ ತಿಂಡಿ ಬಿಡೋದಿಲ್ಲ, ಮಗುವಿನ ಊಟ ಪರವಾಗಿಲ್ಲ. ಅತ್ತೆಗೆ ಅರವತ್ತು ದಾಟಿದ್ದರೆ ಗುರುತಿನ ಚೀಟಿ ಇಟ್ಟುಕೊಳ್ಳಿ, ರಿಯಾಯಿತಿ ಸಿಗುತ್ತೆ.

ನಾನು ಎಡವಿದ್ದು ಬಟ್ಟೆ ವಿಷಯದಲ್ಲಿ. ಮಗಳಿಗೆ ಕಾಟನ್ ಚಡ್ಡಿ, ಬನಿಯನ್ ಒಯ್ದಿದ್ದೆ. ಕಾಟನ್ ಹಾಕಿಕೊಂಡು ನೀರಿಗಿಳಿಯುವ ಹಾಗಿಲ್ಲ, ನೈಲಾನ್ ಅಥವಾ ಲೈಕ್ರಾ ಬೇಕು. ಒಳಗೆ ಅಂಗಡಿಯಲ್ಲಿ ಅವಸರಕ್ಕೆ ದೊಡ್ಡ ಸೈಜ್ ಎತ್ತಿಕೊಂಡೆ. ಸೊಂಟದ ಹತ್ತಿರ ಗಂಟು ಮಾಡಿ ನನ್ನ ಜುಟ್ಟಿನ ರಬ್ಬರ್ ಬ್ಯಾಂಡ್ ಬಿಗಿದೆ. ಮೊದಲ ಜಾರುಬಂಡೆಗೇ ಅದು ಪಟ್ ಅಂತ ಹಾರಿ, ಅವಳು ಒಂದು ಕಡೆ, ಚಡ್ಡಿ ಒಂದು ಕಡೆ! ಈಗ ನಗು ಬರುತ್ತೆ, ಆಗ ಬರಲಿಲ್ಲ. ನೀವು ಊರಲ್ಲೇ ಕೊಂಡು, ಹಾಕಿಸಿ ನೋಡಿಕೊಂಡು ಬನ್ನಿ.

ನೀರಿನ ಆಟ ಗೇಟು ತೆಗೆದ ತಕ್ಷಣ ಶುರುವಾಗೋದಿಲ್ಲ, ಮಧ್ಯಾಹ್ನದ ಹೊತ್ತಿಗೆ. ಮೊದಲು ಬೇರೆ ರೈಡ್ ಮುಗಿಸಿ, ಊಟ ಮಾಡಿಸಿ, ನೆರಳಲ್ಲಿ ಮಲಗಿಸಿಬಿಡಿ. ಎದ್ದ ಮೇಲೆ ನೀರು. ತುಟಿ ನೀಲಿಗೆ ತಿರುಗಿದರೆ ಎಷ್ಟೇ ಅತ್ತರೂ ಎತ್ತಿಕೊಂಡು ಬಂದು ಟವೆಲ್ ಸುತ್ತಿ.

ಇನ್ನೊಂದು, ಯಜಮಾನರಿಗೂ ಒಂದು ಪಾಳಿ ಹಾಕಿ. ಇಲ್ಲದಿದ್ದರೆ ಇಡೀ ದಿನ ನೀವು ಎಲ್ಲರ ಚಪ್ಪಲಿ, ಬ್ಯಾಗು ಕಾಯುತ್ತಾ ಕೂರಬೇಕು. ನಾನು ಕೂತಿದ್ದೆ, ಅದಕ್ಕೇ ಹೇಳ್ತಿದ್ದೀನಿ.

ಬಿಡದಿ ಹುಡುಗ

ಶನಿವಾರ, ಭಾನುವಾರ ಬೇಡ ಮೇಡಂ, ಮಗು ಇಟ್ಟುಕೊಂಡು ಕ್ಯೂ ನಿಲ್ಲೋಕಾಗಲ್ಲ. ಕಾರಿಲ್ಲದಿದ್ದರೆ ನೇರಳೆ ಮಾರ್ಗದ ಮೆಟ್ರೋದಲ್ಲಿ ಚಲ್ಲಘಟ್ಟದವರೆಗೆ ಬನ್ನಿ, ಅದೇ ಕೊನೇ ನಿಲ್ದಾಣ. ಅಲ್ಲಿಂದ ಮೈಸೂರು ರಸ್ತೆಯಲ್ಲಿ ಬಸ್ಸೋ ಆಟೋನೋ ಹಿಡಿಯಿರಿ. ಬಿಡದಿ ತಟ್ಟೆ ಇಡ್ಲಿ ತಿನ್ನದೆ ವಾಪಸ್ ಹೋದರೆ ನನಗೆ ಬೇಜಾರು, ಅಷ್ಟೇ.

ಪುಟ್ಟನ ಅಮ್ಮ, ದಾವಣಗೆರೆ

ಹೋಗಿ ಬಂದೆವು! ಇಬ್ಬರಿಗೂ ಥ್ಯಾಂಕ್ಸ್. ತಟ್ಟೆ ಇಡ್ಲಿಯೂ ಆಯಿತು. ಅತ್ತೆ ಎರಡು ತಿಂದು, "ನಮ್ಮ ಬೆಣ್ಣೆ ದೋಸೆ ಮುಂದೆ ಏನೂ ಅಲ್ಲ" ಅಂದರು.

ಮಗ ಸುತ್ತುವ ಕುದುರೆ ಮೇಲೆ ಮೂರು ಸಲ ಕೂತ. ಮೂರೂ ಸಲ ಅದೇ ಬಿಳಿ ಕುದುರೆ ಬೇಕು. ಅದನ್ನು ಬೇರೆ ಮಗು ಹತ್ತಿದಾಗ ಒಂದು ಸುತ್ತು ಕಾದೆವು. ಕೊಳಕ್ಕಿಂತ, ಅದಕ್ಕೆ ಇಳಿಯೋ ಮುಂಚೆ ಮೈ ನೆನೆಸಿಕೊಳ್ಳುವ ಶವರ್ ಅವನಿಗೆ ಜಾಸ್ತಿ ಇಷ್ಟವಾಯಿತು. ಅದಕ್ಕಾ ಇಷ್ಟು ದುಡ್ಡು ಅಂತ ನಮ್ಮವರ ಮುಖ ನೋಡಬೇಕಿತ್ತು.

ಪಾಳಿ ಹಾಕಿದೆ ಅಕ್ಕ. ಊಟವಾದ ಮೇಲೆ ಪುಟ್ಟ ಅವನ ಅಪ್ಪನ ತೊಡೆ ಮೇಲೆ ಮಲಗಿದ, ಅವರಿಗೆ ಕಾಲು ಜೋಮು ಹಿಡಿದರೂ ಅಲ್ಲಾಡೋ ಹಾಗಿಲ್ಲ. ಅಷ್ಟರಲ್ಲಿ ನಾನು ನಾದಿನಿ ಮಕ್ಕಳ ಜೊತೆ ದೊಡ್ಡ ರೋಲರ್ ಕೋಸ್ಟರ್ ಹತ್ತಿ ಬಂದೆ. ಕನ್ನಡಕ ಅತ್ತೆ ಕೈಗೆ ಕೊಟ್ಟು ಹೋಗಿದ್ದೆ. ಏನೂ ಕಾಣಲಿಲ್ಲ, ಕಿರುಚಿದ್ದು ಮಾತ್ರ ನೆನಪಿದೆ.